ಓರೆಗಾಜು

ರಮ್ಸ್ ಊರಿನ ಮೀನುಪೇಟೆಯ ಹಿಂದೆ,
ಬಲೆ ಹೊಲಿಯುವವರ ಸಾಲು ಮುಗಿಯುವಲ್ಲಿ
ನಮ್ಮ ಕನ್ನಡಕದಂಗಡಿ.
ಹೋದ ವಾರ ಕೊಂಡ ಕಪ್ಪು ಕನ್ನಡಕವನ್ನು
ಖಲ್ಫಾನ್ ನೌಖದಾ ಮೇಜಿನ ಮೇಲೆ ಕುಕ್ಕಿದ.
ದಂಡಿಗೆ ಉಪ್ಪು ಮೆತ್ತಿತ್ತು.

ಅವನದು ಬೆರಕೆ ಹಿಂದಿ, ನನ್ನದು ಅದಕ್ಕಿಂತ ಬೆರಕೆ:
ಇದನ್ನು ಹಾಕಿದರೆ ನೀರಿನ ಮೇಲಿನ ಝಳ ಸಾಯುತ್ತದೆ, ನಿಜ,
ಕಲ್ಲಸಂದಿಯಲ್ಲಿ ಸಾಫಿ ಮೀನು ಮಗ್ಗುಲಾಗುವುದೂ ಕಾಣುತ್ತದೆ.
ಆದರೆ ದೋಣಿಯ ಸೋನಾರ್ ಪರದೆ
ಕೆಂಡ ಆರಿದ ಒಲೆಯ ಹಾಗೆ ಕಪ್ಪು.
ತೆಗೆದರೆ ಪರದೆ ಎದ್ದು ಕೂರುತ್ತದೆ, ಕಡಲು ಕುರುಡು.
ಎರಡೂ ಕಾಣುವ ಗಾಜು ಕೊಡು.

ಇಲ್ಲ ಅಂದೆ. ತಲೆ ಓರೆ ಮಾಡಿ ನೋಡು.
ನನ್ನ ಫೋನು ಹಿಡಿದು, ಬಾಗಿಲಾಚೆಯ ಖಾಡಿಯತ್ತ ತಿರುಗಿ
ಅವನು ಕೊಕ್ಕರೆಯ ಹಾಗೆ ಕತ್ತು ವಾಲಿಸಿದ.
ಎರಡೂ ಇದೆ, ಎರಡೂ ಮಸುಕು.
ಶ್ವಯ್ ಶ್ವಯ್, ಅಂದು ನಕ್ಕ,
ದುಡ್ಡು ವಾಪಸು ಕೇಳಲಿಲ್ಲ.

ಕೊಣಾಜೆಯ ಗುಡ್ಡದಲ್ಲಿ
ಎರಡನೇ ಸೆಮಿಸ್ಟರಿಗೆ ನಾನು ಬಿಟ್ಟುಬಂದ ಪಾಠ ಇದು.
ಇಂದುಮತಿ ಮೇಡಂ ಸೀಮೆಸುಣ್ಣ ಕೊಡವುತ್ತಾ ಕೇಳಿದ್ದರು:
ಅಕ್ಕಿ ತೊಳೆದು ಬೇಯಿಸುವುದೂ
ಬೇಯಿಸಿ ತೊಳೆಯುವುದೂ ಒಂದೆಯಾ?
ನಾವು ನಕ್ಕೆವು. ಅವರು ನಗಲಿಲ್ಲ.
ಕಣವೂ ಹಾಗೆಯೇ, ಅದಕ್ಕಿಂತ ಹಟಮಾರಿ.
ಒಂದು ಪ್ರಶ್ನೆಗೆ ಅದು ಖಚಿತ ಉತ್ತರ ಕೊಟ್ಟ ಗಳಿಗೆಯಲ್ಲಿ
ಇನ್ನೊಂದರ ಉತ್ತರ ಎಲ್ಲೋ ಅಡಗಿ ಕೂತಿರುವುದಿಲ್ಲ.
ಇರುವುದೇ ಇಲ್ಲ.

ಈಗ ದಿನವಿಡೀ ನಾನು ಕೇಳುವುದೂ ಅದನ್ನೇ,
ಕತ್ತಲೆ ಕೋಣೆಯಲ್ಲಿ, ಪರರ ಗಲ್ಲಕ್ಕೆ ಗಲ್ಲ ತಾಗುವಷ್ಟು ಹತ್ತಿರ:
ಇದು ಸ್ಪಷ್ಟವೋ, ಇದೋ?
ಮೊದಲನೆಯದೋ, ಎರಡನೆಯದೋ?
ಸರದಿ ತಿರುಗಿಸಿ ಕೇಳಿದರೆ ಅರ್ಧ ಜನ ಮಾತು ತಿರುಗಿಸುತ್ತಾರೆ.
ಸುಳ್ಳುಗಾರರಲ್ಲ ಅವರು.

ಒಳಗೆ ಹಿಲರಿ. ಕಲ್ಯಾಣಪುರದವನು.
ಗಾಜಿನ ಅಂಚು ಸಾಣೆ ಹಿಡಿಯುತ್ತಾನೆ,
ಹುಬ್ಬಿನ ಮೇಲೆ ಸದಾ ಬಿಳಿ ಹುಡಿ.
ಬರುವ ತಿಂಗಳು ಅಂಗಡಿ ಅಜ್ಮಾನಿನವರ ಕೈಗೆ.
ಸಾಣೆ ನಿಲ್ಲಿಸಿ ಕೇಳಿದ: ನೀನು ಇಲ್ಲೇ ಉಳಿಯುತ್ತೀಯಾ?
ಇಲ್ಲ.
ಎಷ್ಟು ಚೂಪಾಗಿ ಬಂತು ಅದು, ಮುರಿದ ಗಾಜಿನ ಹಾಗೆ.
ಆಮೇಲೆ ಕೇಳಿದ, ನೆಲ ನೋಡುತ್ತ:
ನನ್ನ ಮೇಲೆ ನಿನಗೆ ಏನಾದರೂ...

ಅಷ್ಟರಲ್ಲಿ ನನ್ನೊಳಗೆ ಅದು
ಚಿಮ್ಮಿದ ದಿರ್ಹಮ್ ನಾಣ್ಯ.
ಹೌದು ಅಂದಿದ್ದರೂ ನಿಜ, ಅಲ್ಲ ಅಂದಿದ್ದರೂ.
ಇದನ್ನೇ ಮೊದಲು ಕೇಳಿದ್ದರೆ
ಉತ್ತರ ಕೊಡುವವಳು ಬೇರೊಬ್ಬಳಾಗಿರುತ್ತಿದ್ದಳು,
ಉಳಿಯುತ್ತಿದ್ದಳೋ ಏನೋ, ಅವಳನ್ನು ಕೇಳಬೇಕು.

ಶಟರು ಅರ್ಧ ಇಳಿಸಿ
ಚೌಕಟ್ಟಿನಿಂದ ಕಳಚಿದ ಮೂರು ಕಪ್ಪು ಗಾಜು ಹಿಡಿದು ಕೂತೆ.
ಒಂದು ನೆಟ್ಟಗೆ, ಅದರ ಮೇಲೊಂದು ಅಡ್ಡಕ್ಕೆ: ಕತ್ತಲೆ.
ಟ್ಯೂಬ್‌ಲೈಟು ಪೂರ್ತಿ ನುಂಗಿಹೋಯಿತು.
ನಡುವೆ ಮೂರನೆಯದನ್ನು ಓರೆಯಾಗಿ ತೂರಿಸಿದೆ.
ಅಡ್ಡಿ ಹೆಚ್ಚಿದಷ್ಟೂ ಬೆಳಕು ಕಮ್ಮಿಯಾಗಬೇಕು ತಾನೆ?
ಬಂತು. ಮಂಕಾಗಿ, ಆದರೂ ಬಂತು,
ಎರಡು ಇಲ್ಲಗಳ ನಡುವಿನಿಂದ.

ಬೆನ್ನ ಹಿಂದೆ ಹಿಲರಿ ಕೈ ತೊಳೆಯುವ ಸದ್ದು.
ನಲ್ಲಿ ನಿಂತಿತು. ಬಹಳ ಹೊತ್ತು ಏನೂ ಇಲ್ಲ.
ಆಮೇಲೆ, ಯಾವುದಕ್ಕೂ ನೇರ ಸಂಬಂಧವಿಲ್ಲದ ದನಿಯಲ್ಲಿ:
ಊಟ ಆಯ್ತಾ?

ಇನ್ನೂ ಇಲ್ಲ, ಅಂದೆ.
ಖಲ್ಫಾನ್ ಬಿಟ್ಟುಹೋದ ನಾಲ್ಕು ಸಾಫಿ ಫ್ರಿಜ್ಜಿನಲ್ಲಿವೆ.
ಮುಳ್ಳು ಜಾಸ್ತಿ. ನಿಧಾನಕ್ಕೆ ತಿನ್ನಬೇಕು.